ಪುಟ್ಟನ ಮಾತಿನ ಫೈಲು

ನನ್ನ ತಮ್ಮ ಪುಟ್ಟನಿಗೆ ಮಾತು ಬಾರದು. ತೆರೆಯ ಮೇಲಿನ ಚಿತ್ರ ಒತ್ತಿದರೆ ಕಂಪ್ಯೂಟರ್ ಅವನ ಪರವಾಗಿ ಮಾತಾಡುತ್ತದೆ. ಅವನು ಚಿಕ್ಕವನಿದ್ದಾಗ ಚಿಕ್ಕಪ್ಪ ಬರೆದುಕೊಟ್ಟ ಪ್ರೋಗ್ರಾಮ್ ಅದು, ದನಿಯೂ ಚಿಕ್ಕಪ್ಪನದೇ. ಚಿಕ್ಕಪ್ಪ ಈಗಿಲ್ಲ. ಅವರು ಬರೆದ ಮೂಲ ಕೋಡ್ ಎಲ್ಲೂ ಸಿಗಲಿಲ್ಲ. ಉಳಿದದ್ದು ಒಂದೇ ಫೈಲು, ಅದೂ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಓಡುವಂಥದ್ದು. ಆ ಕಂಪ್ಯೂಟರ್ ಇತ್ತೀಚೆಗೆ ನಡುನಡುವೆ ಕಪ್ಪಾಗುತ್ತಿತ್ತು. ಆಗೆಲ್ಲ ಪುಟ್ಟನ ಬೆರಳು ಗಾಜಿನ ಮೇಲೆ ಸುಮ್ಮನೆ ನಿಂತುಬಿಡುತ್ತಿತ್ತು.

ಹಾಗಾಗಿ ಆ ಫೈಲನ್ನು ಬಿಚ್ಚಲು ಕೂತೆ. ಇದಕ್ಕೆಂದೇ ಇರುವ ಸಾಧನವೊಂದು ಅದರೊಳಗಿನ ಚಿತ್ರ, ದನಿ, ಆದೇಶಗಳನ್ನು ಬಿಡಿಬಿಡಿಯಾಗಿ ಕೊಟ್ಟಿತು. ದನಿಗಳ ಹೆಸರು ಅಳಿಸಿಹೋಗಿತ್ತು, ಬರೀ ಸಂಖ್ಯೆ. ಚಿತ್ರದ ಸಂಖ್ಯೆಗೆ ದನಿಯ ಸಂಖ್ಯೆ ಹೊಂದಿಸಿ ಹೊಸ ಯಂತ್ರಕ್ಕೆ ಜೋಡಿಸಿದೆ. ಮೇಲಿನ ಸಾಲು ಒತ್ತಿ ನೋಡಿದೆ. ನೀರು, ಊಟ, ಅಮ್ಮ. ಎಲ್ಲ ಸರಿ.

ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದೆ. ಪಕ್ಕದ ಕೋಣೆಯಿಂದ ಚಿಕ್ಕಪ್ಪನ ದನಿ: "ಹಾಡು ಹಾಕಿ."

ನನ್ನ ಜೊತೆಯಲ್ಲಿದ್ದ ಅಮ್ಮ ಅಲ್ಲಿಂದಲೇ ಹಾಕಿದರು.

"ಹಾಡು ಹಾಕಿ."

"ಹಾಕಿದೀನಲ್ಲೋ! ಕಿವೀಲೇನು ಹತ್ತಿ ಇಟ್ಕೊಂಡಿದೀಯಾ?"

"ಹಾಡು ಹಾಕಿ. ಹಾಡು ಹಾಕಿ."

"ನೋಡೇ, ಹೊಸ ಯಂತ್ರ ಬಂದಿದ್ದೇ ತಡ, ನಿನ್ನ ತಮ್ಮನ ದರ್ಬಾರು ಜೋರಾಗಿದೆ!" ಅಮ್ಮ ನಗುತ್ತಾ ಹಾಡಿನ ಸದ್ದು ಏರಿಸಿದರು.

ನಾನೂ ನಗುವವಳಿದ್ದೆ. ಆದರೆ ಆ ಮಾತುಗಳ ನಡುವೆ ಬಿಡುವೇ ಇರಲಿಲ್ಲ. ಪುಟ್ಟ ಹಾಗೆ ಒತ್ತುವವನಲ್ಲ. ಓಡಿದೆ.

ಅವನ ಬೆರಳು ಇದ್ದದ್ದು ಮೂಗಿನ ಚಿತ್ರದ ಮೇಲೆ. ಉಸಿರು ಕಟ್ಟುತ್ತಿದೆ ಎನ್ನಲು ಚಿಕ್ಕಪ್ಪ ಬಿಡಿಸಿದ್ದ ಚಿತ್ರ. ತುಟಿ ನೀಲಿಗಟ್ಟಿತ್ತು.

"ಅಮ್ಮಾ, ಮಾಸ್ಕ್!"

ಇಂಥ ಹೊತ್ತಿಗೆಂದೇ ಅವನ ಮಂಚದ ಪಕ್ಕ ಸದಾ ಇರುವ ಆಕ್ಸಿಜನ್ ಮಾಸ್ಕ್ ಹಾಕಿ ಅವನ ಬೆನ್ನು ಎತ್ತಿ ಹಿಡಿದೆವು. ಹಾಡು ಇನ್ನೂ ಕಿರುಚುತ್ತಲೇ ಇತ್ತು. ಅದನ್ನು ನಿಲ್ಲಿಸಲು ಇಬ್ಬರಿಗೂ ಕೈ ಬಿಡುವಿರಲಿಲ್ಲ. ಅವನ ತುಟಿಗೆ ಬಣ್ಣ ಮರಳಿದ ಮೇಲೆಯೇ ಅಮ್ಮ ಹೋಗಿ ಅದನ್ನು ನಿಲ್ಲಿಸಿದ್ದು.

ಆಮೇಲೆ ಕಾರಣ ಸಿಕ್ಕಿತು. ಚಿಕ್ಕಪ್ಪ ದನಿಗಳ ಸಾಲಿನ ನಡುವೆ ಒಂದು ಖಾನೆ ಖಾಲಿ ಬಿಟ್ಟಿದ್ದರು. ಸಾಧನ ಅದನ್ನು ಲೆಕ್ಕಕ್ಕೇ ಹಿಡಿಯದೆ ಆಮೇಲಿನದನ್ನೆಲ್ಲ ಒಂದೊಂದು ಸ್ಥಾನ ಜರುಗಿಸಿಬಿಟ್ಟಿತ್ತು. ಉಸಿರಿನ ಜಾಗಕ್ಕೆ ಹಾಡು ಬಂದು ಕೂತಿತ್ತು. ಖಾಲಿ ಖಾನೆಯನ್ನು ಮತ್ತೆ ಇಟ್ಟೆ. ಈ ಸಲ ಕೊನೆಯ ಚಿತ್ರದವರೆಗೂ ಒಂದೊಂದೇ ಒತ್ತಿ ಕೇಳಿದೆ.

ಸಂಜೆ ಯಂತ್ರವನ್ನು ಪುಟ್ಟನ ಮುಂದಿಟ್ಟೆ. ಅವನು ಒತ್ತಿದ.

"ಅಮ್ಮ," ಎಂದಿತು.

ಎಂದಿನಂತೆ "ಏನಪ್ಪಾ" ಎನ್ನಲಿಲ್ಲ ಅಮ್ಮ. ಮೊದಲು ಬಗ್ಗಿ, ಅವನ ಬೆರಳು ಯಾವ ಚಿತ್ರದ ಮೇಲಿದೆ ಎಂದು ನೋಡಿದರು. ಆಮೇಲೆ ಅವನ ತುಟಿ ನೋಡಿದರು.