ಮುಂಡಾಸು ಕೊಟ್ಟ ಬ್ಯಾಕ್ಟೀರಿಯಾ

ಚನ್ನಪಟ್ಟಣದ ನಜೀರ್ ಹಿಡಿದ ಮೊಲಕ್ಕೆ ಮೂರೇ ಕಾಲು. ಅವನು ಮಾಡಿದ ಗೊಂಬೆ ಒಂದೂ ಇದುವರೆಗೆ ವಾಪಸ್ಸು ಬಂದಿರಲಿಲ್ಲ. ಅದೇ ಅವನ ಆಸ್ತಿ, ಅದೇ ಅವನ ಜಂಬ. ಅರಗಿನ ಕೆಂಪನ್ನು ಅಷ್ಟು ನುಣ್ಣಗೆ ಕೂರಿಸುವ ಕೈ ಬೀದಿಯಲ್ಲಿ ತನ್ನದೊಂದೇ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಹೆಂಡತಿ ಅಮೀರುನ್ನೀಸಾ ಮದುವೆಯಾದಾಗಿನಿಂದ ಮರ ಕಡೆಯುವ ಲೇತಿನ ಪಕ್ಕ ಕೂತು ಕೇದಗೆ ಗರಿಯಲ್ಲಿ ಗೊಂಬೆಗಳಿಗೆ ಹೊಳಪು ಕೊಡುತ್ತಿದ್ದಳು. ಅರಗು ಮುಟ್ಟಲು ಮಾತ್ರ ಅವನು ಬಿಡುತ್ತಿರಲಿಲ್ಲ. "ಅದು ನಿನ್ ಕೈಗೆ ಒಗ್ಗಲ್ಲ ಕಣೆ" ಎನ್ನುತ್ತಿದ್ದ.

ಕನಕಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಪಾಠ ಹೇಳುವ ಕವನ ಫೋನಿನಲ್ಲಿ ಆರ್ಡರ್ ಕೊಟ್ಟಿದ್ದಳು. ಮರದ ಬ್ಯಾಕ್ಟೀರಿಯಾ ಎರಡು ಬೇಕು; ಒಂದು ಕೊಡುವುದು, ಒಂದು ಪಡೆಯುವುದು. ನಡುವೆ ಸಣ್ಣ ನಳಿಕೆ, ಕೊಡುವುದರ ಹತ್ತಿರ ಒಂದು ಉಂಗುರ. ನಜೀರ್ ಬ್ಯಾಕ್ಟೀರಿಯಾವನ್ನು ಎಲ್ಲಿ ಕಂಡಿದ್ದ? ರಾಜ-ರಾಣಿ ಗೊಂಬೆ ಮಾಡಿ ಪಳಗಿದ ಕೈ ಕೊಡುವುದಕ್ಕೆ ಮೀಸೆ ಬರೆಯಿತು, ಪಡೆಯುವುದಕ್ಕೆ ಮೂಗುತಿ ಇಟ್ಟಿತು, ಉಂಗುರವನ್ನು ಕೆಂಪು ಮುಂಡಾಸು ಮಾಡಿ ಮೀಸೆಯವನ ತಲೆಗೇರಿಸಿತು.

ಗೊಂಬೆ ಒಯ್ಯಲು ಬಂದ ಕವನ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇರ್ಲಿ ಸಾಬ್ರೇ, ಹುಡುಗ್ರು ಜನ್ಮದಲ್ಲಿ ಮರೆಯಲ್ಲ. ಆದ್ರೆ ಫೋನಲ್ಲಿ ಹೇಳೋವಾಗ ನಂದೇ ಒಂದು ತಪ್ಪಾಗೈತೆ. ಮುಂಡಾಸು ಎರಡು ಬೇಕು."

"ಯಾಕೆ ಮೇಡಂ? ಇವನ ತಲೆಯಿಂದ ಎತ್ತಿ ಅವಳ ತಲೆಗಿಟ್ರೆ ಕೊಟ್ಟಂಗಾಯ್ತಲ್ಲ."

"ಹಂಗಲ್ಲ. ಇವನು ನಳಿಕೇಲಿ ಅವಳನ್ನ ಮುಟ್ಟಿ, ತನ್ನ ಉಂಗುರದ ನಕಲು ಕೊಡ್ತಾನೆ. ಕೊಟ್ಟ ಮೇಲೂ ಇವನದು ಇವನ ಹತ್ರಾನೇ ಇರ್ತದೆ. ಅವಳಿಗೆ ಬಂತಾ, ಅವಳೂ ಕೊಡೋಳೇ ಆದ್ಲು. ಔಷಧಿಗೆ ಜಗ್ಗದೆ ಇರೋ ಗುಟ್ಟು ಆ ಉಂಗುರದಲ್ಲೇ ಇರ್ತದೆ, ಇವುಗಳಲ್ಲಿ ಹಬ್ಬೋದು ಹಿಂಗೇನೇ."

"ಮೂಗ್ತಿ ಇಟ್ಕಂಡೋಳಿಗೆ ಮುಂಡಾಸಾ? ಅಂಗೇ ಕೊಡ್ತಾ ಹೋದ್ರೆ ಊರೆಲ್ಲಾ ಮುಂಡಾಸೇ ಆಯ್ತದೆ."

"ಆಗ್ತದೆ" ಎಂದಳು ಕವನ. "ಮಧ್ಯಾಹ್ನ ನಂಗೆ ಕ್ಲಾಸೈತೆ. ಇನ್ನೊಂದು ಇಲ್ದಿದ್ರೆ ಗೊಂಬೆ ಇಲ್ಲೇ ಬಿಟ್ಟು ಹೋಗ್ಬೇಕಾಗ್ತದೆ."

ಬಿಟ್ಟು ಹೋದರೆ ಗೊಂಬೆ ವಾಪಸ್ಸು ಬಂದ ಹಾಗೇ. ಆದರೆ ನಜೀರನ ಕೋಪ ಇರುವುದು ಮೂಗಿನ ತುದಿಯಲ್ಲಿ. "ಹೆಂಗಸಿನ ತಲೆಗೆ ಮುಂಡಾಸು ನಾನ್ ಮಾಡಲ್ಲ" ಎಂದು ಚಪ್ಪಲಿ ಮೆಟ್ಟಿ ಟೀ ಅಂಗಡಿಗೆ ಹೋಗಿಬಿಟ್ಟ.

ಅಲ್ಲಿ ಒಂದರ ಮೇಲೊಂದು ಟೀ ಹೇಳಿದ. ನಜೀರನ ಗೊಂಬೆ ವಾಪಸ್ಸು ಬಂತಂತೆ ಎಂದು ಬೀದಿಯೆಲ್ಲ ಹಲ್ಲು ಕಿಸಿಯುವುದು ಕಣ್ಣಿಗೆ ಕಟ್ಟಿತು. ಮೂರನೆಯ ಲೋಟಕ್ಕೆ ಸೋತ. ಇನ್ನೊಂದು ಮಾಡಿಬಿಡೋಣ, ಯಾರಿಗೂ ಹೇಳುವುದು ಬೇಡ ಎಂದುಕೊಂಡು ಮೆಲ್ಲಗೆ ಮನೆಗೆ ಬಂದ.

ಎರಡು ಗೊಂಬೆಯ ತಲೆಯ ಮೇಲೂ ಕೆಂಪು ಮುಂಡಾಸು ಕೂತಿತ್ತು. ಎರಡು ಮುಂಡಾಸನ್ನೂ ತೆಗೆದು ಅಂಗೈಯಲ್ಲಿ ಹೊರಳಿಸಿದ, ಬೆಳಕಿಗೆ ಹಿಡಿದ, ಉಗುರಿನಲ್ಲಿ ಸವರಿದ. ತಾನು ಮಾಡಿದ್ದು ಯಾವುದೆಂದು ಅವನಿಗೇ ತಿಳಿಯಲಿಲ್ಲ. ಅಮೀರುನ್ನೀಸಾಳ ಬೆರಳಿಗೆ ಅರಗು ಅಂಟಿತ್ತು.

"ಯಾರ್ ಕಲ್ಸಿದ್ರು ನಿಂಗೆ?"

"ಇಷ್ಟ್ ವರ್ಸ ನಿಮ್ ಪಕ್ಕದಲ್ಲೇ ಕುಂತಿದ್ನಲ್ಲ."

ಅಲ್ಲೇ ಕಾದು ಕೂತಿದ್ದ ಕವನ ಗೊಂಬೆ ಎತ್ತಿಕೊಂಡು ನಗುತ್ತ ಬಸ್ಸಿಗೆ ಹೋದಳು. ತನ್ನ ಕೈಗುಣ ಅವಳಿಗೆ ಹೋಗಿಬಿಟ್ಟಿತೇನೋ ಎಂದು ನಜೀರನಿಗೆ ಒಳಗೊಳಗೇ ದಿಗಿಲು. ಮರದ ತುಂಡೊಂದನ್ನು ಲೇತಿಗೆ ಸಿಕ್ಕಿಸಿ, ಕದ್ದುಮುಚ್ಚಿ ಒಂದು ಬುಗುರಿ ಮಾಡಿ, ಅರಗು ಹಿಡಿದ. ಬಣ್ಣ ಎಂದಿನ ಹಾಗೆ ನುಣ್ಣಗೆ ಕೂತಿತು. ತನ್ನ ಕೈಯಿಂದ ಏನೂ ಹೋಗಿರಲಿಲ್ಲ. ಅಬ್ಬಾ ಎನಿಸಿತು. ಅದರ ಹಿಂದೆಯೇ, ಇಷ್ಟು ವರ್ಷ ಸುಮ್ಮನೆ ಹೆದರಿಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

"ಚೆನ್ನಾಗೈತೆ ಕಣೆ, ನೀನ್ ಮಾಡಿದ್ದು" ಎಂದ.

"ಹೂಂ. ನಾಳೆಯಿಂದ ಪಕ್ಕದ್ಮನೆ ಸಾಬಿರಾ ಬತ್ತಾಳೆ, ನನ್ತಾವ ಕಲಿಯಾಕೆ."

"ಇಲ್ಲೆಲ್ಲಿ ಐತೆ ಜಾಗ?"

"ನನ್ ಪಕ್ಕದಲ್ಲಿ. ನೀವೇ ಒಸಿ ಅತ್ಲಾಗ್ ಸರ್ಕಳಿ."

ನಜೀರ್ ಮಣೆ ಎಳೆದುಕೊಂಡು ಸರಿದು ಕೂತ.