ಮೀಸೆಗೆ ಬಣ್ಣ ಹಚ್ಚದ ಶನಿವಾರ

ಅನಂತರಾಜುವಿನ ಮೀಸೆಗೆ ಹಣ್ಣಾಗಲು ಚನ್ನಪಟ್ಟಣದ ಆ ಕ್ರೈಸ್ತ ಸಭೆಯ ಅಪ್ಪಣೆ ಇರಲಿಲ್ಲ. ಐವತ್ತು ಸಮೀಪಿಸಿದರೂ ಆತ ಯೂತ್ ಪಾಸ್ಟರ್, ಹುಡುಗರ ಪಾಲಿನ ಪಾದ್ರಿ. ಹಿರಿಯ ಪಾಸ್ಟರು ಪೀಠ ಬಿಡಲಿಲ್ಲವಾಗಿ, ಈತ ಯೌವನ ಬಿಡುವಂತಿರಲಿಲ್ಲ. ಪ್ರತಿ ಶನಿವಾರ ಸಂಜೆ ಕನ್ನಡಿಯೆದುರು ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಲೆಗೂ ಮೀಸೆಗೂ ಕಪ್ಪು ಬಳಿದುಕೊಳ್ಳುವುದು ಆತನ ವ್ರತವೇ ಆಗಿತ್ತು. ಬಿಳಿ ಅಂಗಿಯ ಕಾಲರಿನಲ್ಲಿ ಸದಾ ಒಂದು ಮಸಿಗೆರೆ.

ಹೆಗಲಲ್ಲಿ ಗಿಟಾರು, ಎಡಗಾಲನ್ನು ತುಸು ಎಳೆಯುವ ನಡಿಗೆ, ಮಾತುಮಾತಿಗೂ ‘ಆಯ್ತು ಬುಡಿ, ನಾನಿವ್ನಿ’. ಕೆಟ್ಟ ಮೈಕು ರಿಪೇರಿ ಮಾಡುವವನು ಆತ, ಕ್ರಿಸ್ಮಸ್ ನಕ್ಷತ್ರ ಕಟ್ಟಲು ಏಣಿ ಹತ್ತುವವನು ಆತ, ದೊಡ್ಡಮಳೂರಿನ ಮುದುಕಿಯರನ್ನು ವ್ಯಾನಿನಲ್ಲಿ ಕರೆತರುವವನೂ ಆತನೇ. ಇಷ್ಟೆಲ್ಲ ಮಾಡಿಸಿಕೊಂಡ ಸಭೆಯ ಹಿರಿಯರು, ಹುಡುಗರ ಮನಸ್ಸಿನಲ್ಲೇನಿದೆಯೆಂದು ಆತನನ್ನು ಒಮ್ಮೆಯೂ ಕೇಳಲಿಲ್ಲ. ಕೇಳುತ್ತಿದ್ದುದು, ‘ಎಷ್ಟು ಜನ ಬಂದಿದ್ರು?’ ಎಂದು ಮಾತ್ರ.

ಆ ಶನಿವಾರ, ಪಿಯುಸಿಯಲ್ಲಿ ಮತ್ತೆ ನಪಾಸಾದ ಸಭೆಯ ಹುಡುಗ ನಟರಾಜು ವಿಷ ಕುಡಿದ. ಅವನ ತಾಯಿ ಮಾಯಮ್ಮ ಫೋನು ಮಾಡಿದ್ದು ಹಿರಿಯರಿಗಲ್ಲ, ಅನಂತರಾಜುವಿಗೆ. ಕಲಸಿದ ಬಣ್ಣವನ್ನು ಬಟ್ಟಲಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದವನು ಬೆಳಗಿನವರೆಗೂ ಹುಡುಗನ ಕೈ ಹಿಡಿದು ಕೂತ. ಕಣ್ಣು ಬಿಟ್ಟ ಹುಡುಗ ಬೇಡಿದ್ದು ಒಂದೇ: ‘ಅಣ್ಣಾ, ಚರ್ಚಲ್ಲಿ ಯಾರ್ಗೂ ಏಳ್ಬ್ಯಾಡ ಕಣಣ್ಣ.’

‘ಆಯ್ತು ಬುಡು, ನಾನಿವ್ನಿ.’

ಅಲ್ಲಿಂದ ನೆಟ್ಟಗೆ ಭಾನುವಾರದ ಆರಾಧನೆಗೆ ಬಂದ. ಕೆನ್ನೆತುಂಬ ಬೆಳ್ಳನೆಯ ಕುರುಚಲು, ಮೀಸೆಯ ಬುಡದಲ್ಲಿ ಬೂದಿಬಣ್ಣ. ಹಿಂದಿನ ದಿನದ ಹಾಡಿನ ಅಭ್ಯಾಸವನ್ನೂ ತಪ್ಪಿಸಿದ್ದ. ಇಷ್ಟು ವರ್ಷ ಈತ ತಮ್ಮ ಕಣ್ಣಿಗೆ ಮಣ್ಣೆರಚಿದನೆಂಬಂತೆ ಹಿರಿಯರು ಮುಖ ಮುಖ ನೋಡಿಕೊಂಡರು. ಆರಾಧನೆ ಮುಗಿದ ಮೇಲೆ ಕಮಿಟಿಯ ಕಾರ್ಯದರ್ಶಿ ಕೆಂಪರಾಜು ಪಕ್ಕಕ್ಕೆ ಕರೆದ. ಹದಿನಾರರ ಪ್ರಾಯದಲ್ಲಿ ಮನೆಬಿಟ್ಟು ಓಡಿದ್ದ ಇದೇ ಕೆಂಪರಾಜುವನ್ನು ಮಂಡ್ಯದ ಬಸ್‌ಸ್ಟ್ಯಾಂಡಿನಿಂದ ಕರೆತಂದವನು ಅನಂತರಾಜು. ಆ ಗುಟ್ಟು ಸಭೆಗೆ ಇಂದಿಗೂ ಗೊತ್ತಿಲ್ಲ.

‘ನೆನ್ನೆ ಎಲ್ಲೋಗಿದ್ದೆ ಅಣ್ಣ?’

‘ಒಸಿ ಕೆಲ್ಸ ಇತ್ತು.’

‘ತಪ್ಪು ತಿಳ್ಕಬ್ಯಾಡ, ನಿಂಗೂ ವಯಸ್ಸಾಯ್ತು. ಹುಡುಗ್ರಿಗೆ ಹುಡುಗ್ರೇ ಸರಿ. ಬೆಂಗ್ಳೂರಿಂದ ಒಬ್ಬ ಬತ್ತಾವ್ನೆ, ಕೀಬೋರ್ಡ್ ಚೆನ್ನಾಗಿ ನುಡಿಸ್ತಾನೆ.’

ಆಸ್ಪತ್ರೆಯೆಂಬ ಒಂದು ಮಾತು ಆಡಿದ್ದರೆ ಕೆಲಸ ಉಳಿಯುತ್ತಿತ್ತು; ಮಂಡ್ಯವೆಂದಿದ್ದರೆ ಕೆಂಪರಾಜುವಿನ ಬಾಯಿ ಕಟ್ಟುತ್ತಿತ್ತು. ಅನಂತರಾಜು, ‘ಆಯ್ತು ಬುಡು’ ಎಂದ. ‘ನಾನಿವ್ನಿ’ ಎನ್ನಲಿಲ್ಲ.

ಇಂಥವರನ್ನು ಸಭೆಗಳು ಸಾಕಿಕೊಳ್ಳುವುದು ಕುರ್ಚಿ ಎತ್ತಲಿಕ್ಕೆ, ಹಾಡಿಸಲಿಕ್ಕೆ, ತಲೆ ಎಣಿಸಿ ತೋರಿಸಲಿಕ್ಕೆ. ಅವರ ನಿಜವಾದ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಬೀಳದಿರುವುದೇ ಆ ಕೆಲಸದ ಧರ್ಮ. ಮಗನ ಜೀವ ಹೋಗುವ ಹೊತ್ತಿನಲ್ಲಿ ತಾಯಿಗೆ ಮೊದಲು ನೆನಪಾಗುವ ಹೆಸರು ಅವರದಾಗಿರಬೇಕೆಂದು ಯಾವ ಸಭೆಯೂ ಕೇಳುವುದಿಲ್ಲ. ಕೇಳುವುದು ಕೀಬೋರ್ಡನ್ನು. ಅದು ಸಿಗುತ್ತದೆ.