ಅಳತೆ ಪುಸ್ತಕದ ಹಾಳೆ

ಅಂಗಡಿಯ ಬಾಗಿಲೆಳೆದು ಊಟಕ್ಕೆ ಕೂತರೆ ಆ ಮನೆಯಲ್ಲಿ ನಗುವೂ ಒಂದು ವ್ಯಂಜನ. ಅಂದು ಅಳತೆ ಕೊಟ್ಟುಹೋದವರನ್ನೆಲ್ಲ ದರ್ಜಿ ಅಜ್ಜ ನಟಿಸಿ ತೋರಿಸಬೇಕು. ಮಗ, ಸೊಸೆ, ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಗಬೇಕು. ಅದೇ ಪದ್ಧತಿ.

"ಇವತ್ತು ಬೇಕರಿಯವರ ಮಗಳು ಬಂದಿತ್ತು, ನಮ್ಮ ಹುಡುಗಿ ಕ್ಲಾಸಿನದೇ, ಯೂನಿಫಾರ್ಮಿಗೆ. ಟೇಪು ಸಾಲದೆ ನಾನೇ ಒಂದು ಪ್ರದಕ್ಷಿಣೆ ಹಾಕಿದೆ!"

ಬದುಕಿದ್ದಾಗ ಅಜ್ಜಿ ಮಾತ್ರ ನಗುತ್ತಿರಲಿಲ್ಲ. "ಅಳತೆ ಕೊಟ್ಟವರು ನಂಬಿ ಕೊಟ್ಟಿರ್ತಾರೆ, ರೀ. ದೇವರು ಕೇಳಿಸ್ಕೊಳ್ತಾನೆ," ಎನ್ನುತ್ತಿದ್ದಳು. ಅವಳು ಹೋಗಿ ಎಂಟು ತಿಂಗಳು. ಅಜ್ಜನ ನಾಲಿಗೆಗೂ ಮೊಮ್ಮಗಳ ಫೋನಿಗೂ ಲಗಾಮು ಹಿಡಿಯುವವರಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಬೇಕರಿಯವರು ಕೈಗೆ ಹತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ ಬಂದರು. ಅವರ ಫೋನಿನಲ್ಲಿ ಅಳತೆ ಪುಸ್ತಕದ ಹಾಳೆಯ ಚಿತ್ರವಿತ್ತು. ಯಾರೋ ಸುಳ್ಳು ಹೆಸರಿನಲ್ಲಿ ಅದನ್ನು ತರಗತಿಯ ಗುಂಪಿಗೆ ಹಾಕಿ, 'ಟೇಪು ಸಾಲಲಿಲ್ಲ' ಎಂದು ಬರೆದಿದ್ದರು. ಕೆಳಗೆ ಸಾಲುಸಾಲು ನಗುಮುಖಗಳು.

"ನಾಲ್ಕು ದಿನದಿಂದ ಮಗು ಊಟ ಮುಟ್ಟಿಲ್ಲ, ಯಜಮಾನ್ರೇ. ಅಕ್ಷರ ನಿಮ್ಮದು."

ಎಲ್ಲರ ಕಣ್ಣೂ ಹದಿನಾಲ್ಕರ ಮೊಮ್ಮಗಳ ಮೇಲೆ ಬಿತ್ತು. ಉಳಿದದ್ದನ್ನು ಅವಳ ಮುಖವೇ ಹೇಳಿತು.

"ಮಕ್ಕಳಾಟ, ಬಿಡಿ," ಎಂದ ಮಗ. ಬೇಕರಿಯವರು ಹೊರಟುಹೋದ ಮೇಲೆ, "ಎಲ್ಲಾ ಈ ಫೋನಿಂದ! ಕೊಡೆ ಇಲ್ಲಿ, ಒಡೆದುಹಾಕ್ತೀನಿ," ಎಂದು ಮಗಳ ಮೇಲೆ ಹರಿಹಾಯ್ದ.

ಹುಡುಗಿ ಬಿಕ್ಕುತ್ತ ಅಜ್ಜನತ್ತ ತಿರುಗಿದಳು. "ನೀನು ಹೇಳಿದಾಗ ಎಲ್ಲರೂ ನಕ್ಕರಲ್ಲ, ಅಜ್ಜಾ? ನಂಗೂ ಹಾಗೇ ಎಲ್ಲರೂ ನಗಲಿ ಅನ್ನಿಸ್ತು."

"ಫೋನ್ ಒಡೆದುಹಾಕ್ತೀಯ, ಸರಿ. ನನ್ನ ನಾಲಿಗೆ ಏನು ಮಾಡ್ತೀಯೋ?" ಎಂದು ಅಜ್ಜ ಮಗನನ್ನು ಕೇಳಿ, ಮೊಮ್ಮಗಳ ಕೈಹಿಡಿದು ಬೇಕರಿಯವರ ಮನೆಗೆ ನಡೆದ.

ಅವರ ಮಗಳ ಮುಚ್ಚಿದ ಕೋಣೆಯ ಮುಂದೆ ನಿಂತು ಮೊಮ್ಮಗಳು, "ನಾನೇ ಕಣೇ ಹಾಕಿದ್ದು. ಅಳಿಸಿದೀನಿ. ತಪ್ಪಾಯ್ತು ಅಂತ ಗುಂಪಲ್ಲಿ ನನ್ನ ಹೆಸರಲ್ಲೇ ಬರೆದಿದೀನಿ," ಎಂದಳು.

"ಕಲಿಸಿದ್ದು ನಾನು, ಕಂದಾ," ಎಂದ ಅಜ್ಜ.

ಬಾಗಿಲು ತೆರೆಯಲಿಲ್ಲ.

ಮರುದಿನ ಊಟದ ಹೊತ್ತಿಗೆ ಮನೆಯೆಲ್ಲ ಬಿಗುವಾಗಿತ್ತು. "ಯಾರದಾದ್ರೂ ಒಂದು ಹೇಳಿ ಮಾವ, ಮನಸ್ಸು ಹಗುರಾಗ್ಲಿ," ಎಂದಳು ಸೊಸೆ.

"ಇನ್ನು ಈ ತಟ್ಟೆಗಳಿಗೆ ಮನುಷ್ಯರನ್ನ ಬಡಿಸೋದಿಲ್ಲಮ್ಮಾ."

ಮೂರನೆಯ ಬೆಳಗ್ಗೆ ಬೇಕರಿಯವರು ಬಂದು ಹೊಲಿಗೆ ಯಂತ್ರದ ಪಕ್ಕ ಒಂದು ಕಾಗದದ ಪೊಟ್ಟಣವಿಟ್ಟರು. ಒಳಗೆ ಅರ್ಧ ಬನ್ನು.

"ಇನ್ನರ್ಧ ನನ್ನ ಮಗಳು ತಿಂದ್ಲು. ಇದು ನಿಮ್ಮ ಮಗುಗಂತೆ."

ಅಜ್ಜ ಅದನ್ನು ಕಣ್ಣಿಗೊತ್ತಿಕೊಂಡು ಮೊಮ್ಮಗಳನ್ನು ಕೂಗಿದ.